ಹಳೆಯ ರಿಸೀವರ್: ಬಿಸಾಡುವ ಮುನ್ನ ಒಂದಿಷ್ಟು ವಿಚಾರ

ಮಾರ್ಚ್ ತಿಂಗಳು ಬಂತೆಂದರೆ ಒಕಾಜಾಕಿಯಲ್ಲಿ ಮನೆ ಬದಲಾಯಿಸುವವರ ಗಡಿಬಿಡಿ. ಜಪಾನಿನಲ್ಲಿ ಶಾಲೆಯ ವರ್ಷವೂ ಕಚೇರಿಯ ವರ್ಷವೂ ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ ವರ್ಗಾವಣೆಗಳೆಲ್ಲ ಇದೇ ಹೊತ್ತಿಗೆ. ನಮ್ಮ ಕುಟುಂಬಗಳಲ್ಲೂ ಯಾರೋ ಬೆಂಗಳೂರಿಗೆ ಹೊರಟಿರುತ್ತಾರೆ, ಇನ್ಯಾರೋ ಮೈಸೂರಿನಿಂದ ಬಂದಿಳಿದಿರುತ್ತಾರೆ. ಹೋಗುವವರು ಬಿಟ್ಟುಹೋಗುವ ಸಾಮಾನುಗಳಲ್ಲಿ ರೈಸ್ ಕುಕ್ಕರ್, ಸೈಕಲ್, ಮಕ್ಕಳ ಮೇಜು ಇವಕ್ಕೆಲ್ಲ ಕೂಡಲೇ ಗಿರಾಕಿ ಸಿಗುತ್ತಾರೆ. ಯಾರೂ ಮುಟ್ಟದೆ ಉಳಿಯುವುದು ಒಂದು ಪೆಟ್ಟಿಗೆ. ಮುಂಭಾಗದಲ್ಲಿ ಬೆಳ್ಳಿ ಬಣ್ಣದ ತಗಡು, ದಪ್ಪ ದಪ್ಪ ತಿರುಗುಗುಂಡಿಗಳು, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. "ಹಳೇ ಸ್ಟೀರಿಯೋ, ಗುಜರಿಗೆ ಹಾಕಿಬಿಡಿ" ಎಂದು ಎಲ್ಲರೂ ಹೇಳುತ್ತಾರೆ. ಹಾಕುವ ಮೊದಲು ಆ ಪೆಟ್ಟಿಗೆಯಲ್ಲಿ ಏನಿದೆ, ಅದರಲ್ಲಿ ಯಾವುದು ಬಾಳುತ್ತದೆ, ಯಾವುದು ಬಾಳುವುದಿಲ್ಲ ಎಂದು ತಿಳಿದಿರಲಿ ಎಂಬುದೇ ಈ ಬರಹದ ಉದ್ದೇಶ.

ಮಕ್ಕಳೇ, ರಿಸೀವರ್ ಎಂದರೆ ಒಂದೇ ಪೆಟ್ಟಿಗೆಯಲ್ಲಿ ಮೂರು ಯಂತ್ರಗಳು. ಮೊದಲನೆಯದು ಟ್ಯೂನರ್, ಗಾಳಿಯಲ್ಲಿ ಬರುವ ರೇಡಿಯೋ ಅಲೆಗಳಲ್ಲಿ ನಮಗೆ ಬೇಕಾದ ಕೇಂದ್ರವೊಂದನ್ನೇ ಆರಿಸಿಕೊಳ್ಳುವುದು ಅದರ ಕೆಲಸ. ಎರಡನೆಯದು ಪ್ರಿಆಂಪ್ಲಿಫೈಯರ್. ರೇಡಿಯೋ, ಕ್ಯಾಸೆಟ್, ಸಿ.ಡಿ., ಗ್ರಾಮಫೋನ್ ತಟ್ಟೆ ಇವುಗಳಲ್ಲಿ ಯಾವುದನ್ನು ಕೇಳಬೇಕೋ ಅದನ್ನು ಇದು ಆರಿಸುತ್ತದೆ, ಸದ್ದನ್ನು ಹೆಚ್ಚು ಕಡಿಮೆ ಮಾಡುತ್ತದೆ. ಮೂರನೆಯದು ಪವರ್ ಆಂಪ್ಲಿಫೈಯರ್. ಇಲ್ಲಿಯವರೆಗೆ ಬಂದ ಸಣ್ಣ ವಿದ್ಯುತ್ ಸಂಕೇತಕ್ಕೆ ಸ್ಪೀಕರಿನ ಕಾಗದದ ಶಂಕುವನ್ನು ಹಿಂದೆ ಮುಂದೆ ತಳ್ಳುವ ಬಲ ಕೊಡುವುದು ಇದೇ. ಪೆಟ್ಟಿಗೆಯ ಭಾರದ ಬಹುಪಾಲು ಈ ಮೂರನೆಯದರ ಪಾಲಿಗೆ ಸೇರಿದ್ದು: ತಾಮ್ರದ ತಂತಿ ಸುತ್ತಿದ ದೊಡ್ಡ ಟ್ರಾನ್ಸ್‌ಫಾರ್ಮರ್, ಮತ್ತು ಟ್ರಾನ್ಸಿಸ್ಟರುಗಳ ಶಾಖವನ್ನು ಹೀರಿ ಗಾಳಿಗೆ ಬಿಡುವ ಅಲ್ಯೂಮಿನಿಯಂ ರೆಕ್ಕೆಗಳು.

ಮೂರೂ ಒಂದೇ ವೇಗದಲ್ಲಿ ಮುದಿಯಾಗುವುದಿಲ್ಲ ಎನ್ನುವುದನ್ನು ಗಮನಿಸಬೇಕು. ಪವರ್ ಆಂಪ್ಲಿಫೈಯರಿಗೆ ಒಳಗೆ ಬರುವುದು ಕೆಂಪು ಬಿಳಿ ತುದಿಯ ಎರಡು ತಂತಿ, ಹೊರಗೆ ಹೋಗುವುದು ಸ್ಪೀಕರಿನ ಎರಡು ಜೊತೆ ತಂತಿ. ಈ ಏರ್ಪಾಡು ಐವತ್ತು ವರ್ಷಗಳಲ್ಲಿ ಬದಲಾಗಿಲ್ಲ. ಆದ್ದರಿಂದ 1975ರಲ್ಲಿ ತಯಾರಾದ ರಿಸೀವರಿಗೆ ಇಂದಿನ ಫೋನನ್ನು ಜೋಡಿಸಬಹುದು. ಒಂದು ಅಗ್ಗದ ಬ್ಲೂಟೂತ್ ಡಬ್ಬಿಯನ್ನು 'ಆಕ್ಸ್' ಎಂದು ಬರೆದ ತೂತಿಗೆ ಸಿಕ್ಕಿಸಿದರೆ ಸಾಕು. ಆದರೆ 2008ರಲ್ಲಿ ದುಬಾರಿ ಬೆಲೆ ಕೊಟ್ಟು ತಂದ ಹೋಂ ಥಿಯೇಟರ್ ರಿಸೀವರಿನ ಕಥೆ ಬೇರೆ. ಅದರ ಹೆಚ್ಚುಗಾರಿಕೆಯೆಲ್ಲ ಎಚ್‌ಡಿಎಂಐ ಎಂಬ ಸಂಪರ್ಕದಲ್ಲಿತ್ತು. ಎಚ್‌ಡಿಎಂಐನ ಮೊದಲ ಆವೃತ್ತಿ ಬಂದದ್ದು 2002ರ ಕೊನೆಗೆ. ಆಮೇಲೆ ಆವೃತ್ತಿಯ ಮೇಲೆ ಆವೃತ್ತಿ ಬಂದು, 4ಕೆ ಟಿ.ವಿ.ಗಳ ಕಾಲಕ್ಕೆ ನಕಲು ತಡೆಯುವ ಹೊಸ ಬೀಗವೂ ಸೇರಿಕೊಂಡಿತು. ಹಳೆಯ ಪೆಟ್ಟಿಗೆಗಳು ಆ ಚಿತ್ರವನ್ನು ಟಿ.ವಿ.ಗೆ ದಾಟಿಸಲಾರದೆ ನಿಂತವು. ಅವುಗಳ ಆಂಪ್ಲಿಫೈಯರಿಗೆ ಏನೂ ಆಗಿರಲಿಲ್ಲ. ಹೀಗಾಗಿ ವಯಸ್ಸಿನಲ್ಲಿ ಚಿಕ್ಕದಾದದ್ದು ಮೊದಲು ಮೂಲೆ ಸೇರಿತು, ದೊಡ್ಡದು ಹಾಡುತ್ತಲೇ ಇದೆ. (ಅಂಥ 2008ರ ಪೆಟ್ಟಿಗೆ ನಿಮ್ಮ ಮನೆಯಲ್ಲಿದ್ದರೆ ಅದನ್ನೂ ಎಸೆಯಬೇಡಿ. ಚಿತ್ರದ ತಂತಿಯನ್ನು ನೇರವಾಗಿ ಟಿ.ವಿ.ಗೆ ಕೊಟ್ಟು, ಟಿ.ವಿ.ಯಿಂದ ಸದ್ದನ್ನು ಮಾತ್ರ ಆಪ್ಟಿಕಲ್ ತಂತಿಯಲ್ಲಿ ರಿಸೀವರಿಗೆ ತಂದರೆ ಅದು ಇನ್ನೂ ಹಲವು ವರ್ಷ ದುಡಿಯುತ್ತದೆ.)

ಇನ್ನು ಈ ಯಂತ್ರಗಳು ಇಷ್ಟು ಗಟ್ಟಿಯಾಗಿ ಯಾಕೆ ತಯಾರಾದವು ಎಂಬುದು. ಇದಕ್ಕೆ ನಮ್ಮ ಐಚಿ ಪ್ರಾಂತ್ಯದ ಪಾಲೂ ಇದೆ. ಜಪಾನಿನ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಹುಟ್ಟಿದ್ದು ಟೋಕಿಯೋದಲ್ಲಲ್ಲ, ಇಲ್ಲೇ ನಗೋಯಾದಲ್ಲಿ, 1969ರ ಡಿಸೆಂಬರ್ 24ರಂದು. ಅದೇ ಎಫ್‌ಎಂ ಐಚಿ. ಇಂದಿಗೂ 80.7 ಮೆಗಾಹರ್ಟ್ಸ್‌ನಲ್ಲಿ ಹಳೆಯ ಟ್ಯೂನರಿನಲ್ಲೂ ಸಿಗುತ್ತದೆ. ಅಂದು ಗಾನಮುದ್ರಿಕೆಗಳ ಬೆಲೆ ಹೆಚ್ಚು; ಹಾಗಾಗಿ ಯುವಕರು ಎಫ್‌ಎಂನಲ್ಲಿ ಬರುವ ಹಾಡುಗಳನ್ನು ಟೇಪಿಗೆ ಇಳಿಸಿಕೊಳ್ಳುತ್ತಿದ್ದರು. ಯಾವ ದಿನ ಯಾವ ಹಾಡು, ಎಷ್ಟು ನಿಮಿಷ ಎಂದು ಮೊದಲೇ ತಿಳಿಸುವ ಪತ್ರಿಕೆಗಳೇ ಇದ್ದವು. ಅವುಗಳಲ್ಲಿ ಹೆಸರಾದ 'ಎಫ್‌ಎಂ ಫ್ಯಾನ್' 1966ರಿಂದ 2001ರವರೆಗೆ ನಡೆಯಿತು. ಇಷ್ಟು ಶ್ರದ್ಧೆಯಿಂದ ಕೇಳುವ ಗಿರಾಕಿಗಳಿದ್ದಾಗ ತಯಾರಕರು ಟ್ಯೂನರಿನಲ್ಲಾಗಲಿ ಆಂಪ್ಲಿಫೈಯರಿನಲ್ಲಾಗಲಿ ಕೈಬಿಗಿ ಹಿಡಿಯುವಂತಿರಲಿಲ್ಲ. ಪಕ್ಕದ ಶಿಜುಒಕಾ ಪ್ರಾಂತ್ಯದ ಹಮಾಮತ್ಸುವಿನ ಯಾಮಾಹಾ, ಟೋಕಿಯೋ ಕಡೆಯ ಪಯೋನಿಯರ್, ಸಾನ್ಸುಯಿ, ಟ್ರಿಯೋ (1986ರಿಂದ ಕೆನ್‌ವುಡ್) ಎಲ್ಲರ ನಡುವೆ ಭಾರೀ ಪೈಪೋಟಿ ಇತ್ತು.

ದೊಡ್ಡ ರಿಸೀವರುಗಳ ಮುಖ್ಯ ಮಾರುಕಟ್ಟೆ ಅಮೆರಿಕ. ಅಲ್ಲಿ 1974ರಲ್ಲಿ ಒಂದು ಒಳ್ಳೆಯ ನಿಯಮ ಬಂತು. ಆಂಪ್ಲಿಫೈಯರಿನ ವಾಟ್ ಲೆಕ್ಕವನ್ನು ಜಾಹೀರಾತಿನಲ್ಲಿ ಬಾಯಿಗೆ ಬಂದಂತೆ ಹೇಳುವಂತಿಲ್ಲ. ಎರಡೂ ಬದಿಯ ಸ್ಪೀಕರುಗಳಿಗೆ ಎಡೆಬಿಡದೆ ಎಷ್ಟು ಕೊಡಬಲ್ಲದೋ ಅಷ್ಟನ್ನೇ ಹೇಳಬೇಕು. 1990ರ ದಶಕದಲ್ಲಿ ನಮ್ಮೂರಿನ ಅಂಗಡಿಗಳಲ್ಲಿ ಟೂ-ಇನ್-ವನ್ ಕೊಂಡ ಪೋಷಕರಿಗೆ ಈ ಮಾತಿನ ಬೆಲೆ ಗೊತ್ತಾಗುತ್ತದೆ. ಅಂಗೈಯಗಲದ ಸ್ಪೀಕರಿನ ಮೇಲೆ '1000 ವಾಟ್ ಪಿ.ಎಂ.ಪಿ.ಓ.' ಎಂದು ಹೊಳೆಯುವ ಚೀಟಿ ಅಂಟಿಸಿರುತ್ತಿದ್ದರಲ್ಲ! ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ, ಕಾಗದದ ಮೇಲಿನ ಲೆಕ್ಕ. 1970ರ ದಶಕದ ರಿಸೀವರ್ 40 ವಾಟ್ ಎಂದರೆ ಗಂಟೆಗಟ್ಟಲೆ 40 ವಾಟ್. 1978ರ ಪಯೋನಿಯರ್ ಎಸ್‌ಎಕ್ಸ್-1980 ಒಂದೊಂದು ಬದಿಗೆ 270 ವಾಟ್ ಕೊಡುತ್ತಿತ್ತು, ಸುಮಾರು 35 ಕಿಲೋ ತೂಗುತ್ತಿತ್ತು. ಅಷ್ಟು ಯಾರಿಗೂ ಬೇಕಾಗಿರಲಿಲ್ಲ ಎನ್ನುವುದು ನಮ್ಮ ಅನಿಸಿಕೆ. ಮನೆಯಲ್ಲಿ ಪಕ್ಕದವರಿಗೆ ತೊಂದರೆಯಾಗದಂತೆ ಹಾಡು ಕೇಳುವಾಗ ಸ್ಪೀಕರಿಗೆ ಹೋಗುವುದು ಸಾಮಾನ್ಯವಾಗಿ ಒಂದು ವಾಟಿಗಿಂತ ಕಡಿಮೆ. ಇಲ್ಲಿನ ಅಪಾರ್ಟ್‌ಮೆಂಟುಗಳ ತೆಳು ಗೋಡೆಗಳ ನಡುವೆ 30 ವಾಟಿನ ಸಾಧಾರಣ ರಿಸೀವರ್ ಧಾರಾಳವಾಯಿತು.

ಹಳೆಯ ಪೆಟ್ಟಿಗೆಯ ಹಿಂಬದಿಯಲ್ಲಿ 'ಫೋನೋ' ಎಂದು ಬರೆದ ತೂತು ಇರುತ್ತದೆ. ಅನೇಕ ಹೊಸ ಸಾಧನಗಳಲ್ಲಿ ಇದಿಲ್ಲ. ಗ್ರಾಮಫೋನ್ ತಟ್ಟೆಯ ಮುಳ್ಳಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟ್, ಸಿ.ಡಿ. ಪ್ಲೇಯರಿನಿಂದ ಬರುವುದರ ನೂರರಲ್ಲೊಂದು ಪಾಲಿಗೂ ಕಡಿಮೆ. ಅಷ್ಟೇ ಅಲ್ಲ, ತಟ್ಟೆಯನ್ನು ಕೊರೆಯುವಾಗ ಮಂದ್ರದ ಸದ್ದನ್ನು ತಗ್ಗಿಸಿ ತಾರದ ಸದ್ದನ್ನು ಏರಿಸಿ ಕೊರೆಯುತ್ತಾರೆ. ಮಂದ್ರವನ್ನು ಹಾಗೆಯೇ ಬಿಟ್ಟರೆ ಗೀರುಗಳು ತೀರ ಅಗಲವಾಗಿ ತಟ್ಟೆಯಲ್ಲಿ ಜಾಗ ಸಾಲದು. ತಾರವನ್ನು ಏರಿಸದಿದ್ದರೆ ತಟ್ಟೆಯ ಸರಸರ ಸದ್ದಿನಲ್ಲಿ ಅದು ಮುಳುಗಿಹೋಗುತ್ತದೆ. ಕೇಳುವಾಗ ಇದನ್ನು ಸರಿಯಾಗಿ ತಿರುವುಮುರುವು ಮಾಡಬೇಕು. 1950ರ ದಶಕದ ನಡುವೆ ಎಲ್ಲ ಕಂಪನಿಗಳೂ ಒಂದೇ ಅಳತೆಗೆ ಒಪ್ಪಿದವು. ಫೋನೋ ತೂತಿನ ಹಿಂದಿರುವ ಮಂಡಲ ಆ ಅಳತೆಯಂತೆ ಸದ್ದನ್ನು ಮರಳಿ ಸಮಸ್ಥಿತಿಗೆ ತರುತ್ತದೆ. ಅಜ್ಜನ ಮನೆಯ ಎಚ್‌ಎಂವಿ ಲಾಂಗ್‌ಪ್ಲೇ ತಟ್ಟೆಗಳನ್ನು ತಂದಿಟ್ಟುಕೊಂಡವರಿಗೆ ಈ ಒಂದು ತೂತಿಗಾಗಿಯೇ ರಿಸೀವರ್ ಬೇಕು.

ಅದರ ಪಕ್ಕದಲ್ಲೇ 'ಟೇಪ್' ಎಂಬ ಎರಡು ಜೊತೆ ತೂತುಗಳು: ಒಂದು ಜೊತೆ ಒಳಬರಲು, ಇನ್ನೊಂದು ಹೊರಹೋಗಲು. ಹೊರಹೋಗುವ ಜೊತೆಯಿಂದ ಕಂಪ್ಯೂಟರಿಗೆ ತಂತಿ ಕೊಟ್ಟರೆ ಪೆಟ್ಟಿಗೆಯಲ್ಲಿ ನುಡಿಯುವುದೆಲ್ಲ ಫೈಲಾಗಿ ಉಳಿಯುತ್ತದೆ. ಇದರ ಮಹತ್ವ ಕಾಣಬೇಕಾದರೆ ನಮ್ಮ ನಗರದ ಗ್ರಂಥಾಲಯಕ್ಕೇ ಹೋಗಿ. ಒಕಾಜಾಕಿಯ ಶಸ್ತ್ರವೈದ್ಯ ಉಚಿದಾ ಒಸಾಮು ಅವರನ್ನು ಜಾಝ್ ಲೋಕ 'ಡಾಕ್ಟರ್ ಜಾಝ್' ಎಂದೇ ಕರೆಯುತ್ತಿತ್ತು. ಜಪಾನಿನ ಜಾಝ್ ಕಲಾವಿದರಿಗೆ ಆಸರೆಯಾಗಿದ್ದ ಅವರು ಕಛೇರಿಗಳನ್ನು ತಾವೇ ಟೇಪಿನಲ್ಲಿ ಹಿಡಿದಿಟ್ಟಿದ್ದರು. ಸಾವಿರಾರು ತಟ್ಟೆಗಳು, ಆ ಟೇಪುಗಳು, ಧ್ವನಿಸಾಧನಗಳು ಇವನ್ನೆಲ್ಲ 1993ರಲ್ಲಿ ನಗರಕ್ಕೆ ಕೊಟ್ಟರು. 2016ರಲ್ಲಿ ಅವರು ತೀರಿಕೊಂಡರು. 2008ರಲ್ಲಿ ತೆರೆದ 'ಲಿಬ್ರಾ' ಗ್ರಂಥಾಲಯ ಕಟ್ಟಡದಲ್ಲಿ ಈ ಸಂಗ್ರಹಕ್ಕೆ ಪ್ರತ್ಯೇಕ ಪ್ರದರ್ಶನ ಕೋಣೆಯಿದೆ. ಇಯೆಯಾಸು ಹುಟ್ಟಿದ ಕೋಟೆಯಿಂದ ನಡೆದು ಹೋಗುವಷ್ಟು ದೂರ. ಮಾರಾಟಕ್ಕೆ ಬಂದ ತಟ್ಟೆ ಒಂದು ಕಡೆ ಕಳೆದರೆ ಇನ್ನೊಂದು ಕಡೆ ಸಿಕ್ಕೀತು. ಒಬ್ಬರು ತಾವೇ ಮಾಡಿಕೊಂಡ ಟೇಪಿಗೆ ಎರಡನೆಯ ಪ್ರತಿ ಇಲ್ಲ. ಅದನ್ನು ನುಡಿಸುವ ಯಂತ್ರ ಇಲ್ಲವಾದರೆ ಅದು ಬರೀ ಪ್ಲಾಸ್ಟಿಕ್ ಪಟ್ಟಿ.

ನಮ್ಮ ಮನೆಗಳಲ್ಲೂ ಅಂಥ ಟೇಪುಗಳಿವೆ. 1978ರಲ್ಲಿ ಬಂದ, ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಇಂದು ಬೇರೆ ರೂಪದಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಅದೇ ಡಬ್ಬದಲ್ಲಿ ಕೈಬರಹದ ಚೀಟಿ ಅಂಟಿಸಿದ ಇನ್ನೊಂದು ಸುರುಳಿ ಇರುತ್ತದಲ್ಲ: ಅಜ್ಜಿ ಹೇಳಿದ ಸೋಬಾನೆ ಹಾಡು, ಮದುವೆ ಮನೆಯ ನಾಗಸ್ವರ, ಪತ್ರ ಬರೆಯಲು ಬಾರದ ಮುತ್ತಜ್ಜ ದೂರದೂರಿನ ಮಗನಿಗೆ ಟೇಪಿನಲ್ಲಿ ಹೇಳಿ ಕಳಿಸಿದ ಮಾತು. ಅದು ಎಲ್ಲಿಯೂ ಸಿಗುವುದಿಲ್ಲ. ಕ್ಯಾಸೆಟ್ ಡೆಕ್ಕುಗಳ ರಬ್ಬರ್ ಪಟ್ಟಿಗಳು ಸಡಿಲವಾಗುತ್ತಿವೆ, ಟೇಪುಗಳು ಒಂದಕ್ಕೊಂದು ಅಂಟುತ್ತಿವೆ. ಈ ಕೆಲಸವನ್ನು ಮುಂದೂಡುವಂತಿಲ್ಲ. ಅದೃಷ್ಟಕ್ಕೆ, ಇದಕ್ಕೆ ಬೇಕಾದ ಹಳೆಯ ಡೆಕ್ಕು, ರಿಸೀವರುಗಳು ಇಷ್ಟು ಸುಲಭವಾಗಿ ಸಿಗುವ ದೇಶದಲ್ಲಿ ನಾವಿದ್ದೇವೆ.

ಎಲ್ಲಿ ಸಿಗುತ್ತವೆ? ನಗೋಯಾದ ಓಸು ಬಡಾವಣೆಯಲ್ಲಿ ಹಳೆಯ ಆಡಿಯೋ ಅಂಗಡಿಗಳಿವೆ. 1993ರಲ್ಲಿ ನೀಗಾತಾದಲ್ಲಿ ಆರಂಭವಾದ ಹಾರ್ಡ್ ಆಫ್ ಮಳಿಗೆಗಳು ಈಗ ದೇಶದ ಉದ್ದಗಲಕ್ಕೂ ಇವೆ. ಅಲ್ಲಿ 'ಜಂಕ್' ಎಂದು ಬರೆದ ಮೂಲೆಯೊಂದಿರುತ್ತದೆ. ಜಂಕ್ ಎಂದರೆ ಕೆಟ್ಟುಹೋದದ್ದು ಎಂದೇ ಅರ್ಥವಲ್ಲ, ಅಂಗಡಿಯವರು ಹೊಣೆ ಹೊರುವುದಿಲ್ಲ ಎಂದಷ್ಟೇ ಅರ್ಥ. ಜಪಾನಿನವರು ತಮ್ಮ ಮನೆಗೆ ರಿಸೀವರಿಗಿಂತ ಆಂಪ್ಲಿಫೈಯರ್ ಬೇರೆ, ಟ್ಯೂನರ್ ಬೇರೆ ಕೊಳ್ಳುವುದನ್ನೇ ಇಷ್ಟಪಟ್ಟವರು. ಹಾಗಾಗಿ 'ಪ್ರಿಮೇನ್ ಆಂಪ್' ಎಂಬ ಹೆಸರಿನವೇ ಹೆಚ್ಚು ಸಿಗುತ್ತವೆ. ರೇಡಿಯೋ ಒಂದು ಬಿಟ್ಟರೆ ಅವುಗಳ ಕೆಲಸ ರಿಸೀವರಿನದೇ. 1980ರ ದಶಕದಲ್ಲಿ 79,800 ಯೆನ್ ಬೆಲೆಗೆ ಯಾರು ಹೆಚ್ಚು ಭಾರದ, ಹೆಚ್ಚು ಗಟ್ಟಿ ಆಂಪ್ಲಿಫೈಯರ್ ಕೊಡುತ್ತಾರೆ ಎಂದು ಕಂಪನಿಗಳು ಯುದ್ಧವನ್ನೇ ಹೂಡಿದ್ದವು. ಆ ಕಾಲದ ಸರಕು ಕೊಟ್ಟ ಹಣಕ್ಕೆ ಮೋಸವಿಲ್ಲ. ನೀಲಿ ದೀಪ ಹೊಳೆಯುವ ಹೆಸರಾಂತ ಮಾದರಿಗಳಿಗೆ ಈಚೆಗೆ ಸಂಗ್ರಹಕಾರರು ವಿಪರೀತ ಬೆಲೆ ಕೊಡುತ್ತಾರೆ. ಆ ಹಣ ದೀಪಕ್ಕೆ ಹೋಗುತ್ತದೆ, ಸದ್ದಿಗಲ್ಲ.

ಈ ವ್ಯಾಪಾರವೇ ಒಮ್ಮೆ ನಿಲ್ಲುವ ಹಂತಕ್ಕೆ ಬಂದಿತ್ತು ಎಂಬುದು ಮಕ್ಕಳಿಗೆ ಗೊತ್ತಿರಲಾರದು. 2001ರ ಏಪ್ರಿಲ್‌ನಲ್ಲಿ ಜಾರಿಯಾದ ವಿದ್ಯುತ್ ಸುರಕ್ಷತಾ ಕಾನೂನಿನಂತೆ ಉಪಕರಣಗಳ ಮೇಲೆ 'ಪಿಎಸ್‌ಇ' ಮುದ್ರೆ ಇರಬೇಕಾಯಿತು. ಆಡಿಯೋ ಸಾಧನಗಳಿಗೆ ಕೊಟ್ಟಿದ್ದ ಐದು ವರ್ಷಗಳ ಗಡುವು 2006ರ ಮಾರ್ಚ್ ಕೊನೆಗೆ ಮುಗಿಯುವುದಿತ್ತು. ಮುದ್ರೆಯಿಲ್ಲದ ಹಳೆಯ ಆಂಪ್ಲಿಫೈಯರುಗಳನ್ನಾಗಲಿ ವಿದ್ಯುತ್ ವಾದ್ಯಗಳನ್ನಾಗಲಿ ಅಂಗಡಿಯವರು ಮಾರುವಂತಿಲ್ಲ ಎಂದು ತಿಳಿದಾಗ ದೊಡ್ಡ ಗದ್ದಲವಾಯಿತು. ಸಂಗೀತಗಾರ ರ್ಯುಇಚಿ ಸಕಾಮೊತೊ ಮೊದಲಾದವರು ಸಹಿ ಸಂಗ್ರಹಿಸಿ ಸರ್ಕಾರದ ಮುಂದಿಟ್ಟರು. ಅಪರೂಪದ ಹಳೆಯ ಸಾಧನಗಳಿಗೆ ಆ ಮಾರ್ಚ್‌ನಲ್ಲೇ ವಿನಾಯಿತಿ ಸಿಕ್ಕಿತು. 2007ರ ಕೊನೆಯಲ್ಲಿ ಕಾನೂನಿಗೇ ತಿದ್ದುಪಡಿಯಾಗಿ ಹಳೆಯ ಸರಕಿನ ಮಾರಾಟ ಸಲೀಸಾಯಿತು. ಇಲ್ಲದಿದ್ದರೆ ಒಳ್ಳೆಯ ಸ್ಥಿತಿಯಲ್ಲಿದ್ದ ಎಷ್ಟೋ ಯಂತ್ರಗಳು ಕಸದ ಹಡಗು ಸೇರುತ್ತಿದ್ದವು.

ಹಳೆಯದೆಲ್ಲ ಚಿರಂಜೀವಿ ಎಂದು ನಾವು ಹೇಳುತ್ತಿಲ್ಲ. ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳ ಒಳಗಿನ ದ್ರವ ವರ್ಷಗಳಲ್ಲಿ ಒಣಗುತ್ತದೆ. ಬಿಸಿಯಲ್ಲಿ ಬೇಗ, ತಂಪಿನಲ್ಲಿ ನಿಧಾನ. ಶಾಖ 10 ಡಿಗ್ರಿ ಇಳಿದರೆ ಅವುಗಳ ಆಯುಷ್ಯ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಆದ್ದರಿಂದ ರಿಸೀವರಿನ ಮೇಲೆ ಪುಸ್ತಕ, ಬಟ್ಟೆ, ಹೂದಾನಿ ಇಡಬಾರದು. ತಿರುಗುಗುಂಡಿಗಳಲ್ಲಿ ಧೂಳು ಕೂತು ಗರಗರ ಎನ್ನುತ್ತದೆ. ಇದು ಸಣ್ಣ ಕಾಯಿಲೆ, ಶುಚಿ ಮಾಡಿದರೆ ಹೋಗುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ ಪ್ಲಗ್ ಹಾಕಿ ನೋಡಲು ಕೇಳಿ. ಬಹಳಷ್ಟು ಮಾದರಿಗಳಲ್ಲಿ ಸ್ವಿಚ್ ಒತ್ತಿದ ಕೆಲವು ಸೆಕೆಂಡುಗಳಿಗೆ ಒಳಗಿನಿಂದ 'ಟಕ್' ಎಂಬ ಸದ್ದು ಬರಬೇಕು. ಎಲ್ಲವೂ ಸರಿಯಿದೆ ಎಂದು ಖಚಿತವಾದ ಮೇಲೆಯೇ ಸ್ಪೀಕರಿಗೆ ದಾರಿ ಬಿಡುವ ಕಾವಲುಗಾರನ ಸದ್ದು ಅದು. ಬರದಿದ್ದರೆ ಆ ಪೆಟ್ಟಿಗೆಯನ್ನು ಬಿಟ್ಟುಬಿಡಿ. ಎಡ ಬಲ ಎರಡೂ ನುಡಿಯುತ್ತವೆಯೇ, ಸುಟ್ಟ ವಾಸನೆ ಇದೆಯೇ, ಹಾಡಿಲ್ಲದಾಗ ಗುಂಯ್ ಎನ್ನುತ್ತದೆಯೇ ಎಂದೂ ನೋಡಿ. ಬಿಡಿಭಾಗಗಳು ದೊಡ್ಡವು, ಒಂದೊಂದಾಗಿ ಬೆಸುಗೆ ಹಾಕಿದವು. ಕೈಪಳಗಿದ ರಿಪೇರಿಯವರು ಇವನ್ನು ಬದಲಿಸಬಲ್ಲರು. ಮಕ್ಕಳೇ, ನೀವಾಗಿಯೇ ಮುಚ್ಚಳ ತೆಗೆಯಬಾರದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ, ಜೋರಾಗಿಯೇ ಹೊಡೆಯುತ್ತದೆ.

ಊರಿಗೆ ಒಯ್ಯಬೇಕೆನ್ನುವವರು ಮೂರು ಸಂಗತಿ ತಿಳಿದಿರಬೇಕು. ಜಪಾನಿನ ಮನೆಗಳಲ್ಲಿ 100 ವೋಲ್ಟ್, ಭಾರತದಲ್ಲಿ 230. ನೇರ ಸಿಕ್ಕಿಸಿದರೆ ಕ್ಷಣದಲ್ಲಿ ಯಂತ್ರ ಹಾಳು. 230ನ್ನು 100ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ 'ಅಮೆರಿಕದ ಸಾಮಾನಿಗೆ' ಎಂದು 110 ವೋಲ್ಟಿನದನ್ನು ಕೊಟ್ಟಾರು, 100ರದ್ದನ್ನೇ ಕೇಳಿ ಪಡೆಯಿರಿ. ರಿಸೀವರಿನ ಬೆನ್ನ ಮೇಲೆ ಬರೆದ ವಾಟಿನ ಎರಡರಷ್ಟು ಶಕ್ತಿಯದಿರಲಿ.

ಎರಡನೆಯದು ಹರ್ಟ್ಸ್. ಟೋಕಿಯೋದವರು 1895ರಲ್ಲಿ ಜರ್ಮನಿಯ 50 ಹರ್ಟ್ಸ್ ಯಂತ್ರ ತಂದರು, ಒಸಾಕಾದವರು ಎರಡು ವರ್ಷದ ಮೇಲೆ ಅಮೆರಿಕದ 60 ಹರ್ಟ್ಸ್ ಯಂತ್ರ ತಂದರು. ಅಂದಿನಿಂದ ಜಪಾನ್ ವಿದ್ಯುತ್ತಿನಲ್ಲಿ ಎರಡು ಹೋಳು. ಐಚಿ ಸೇರಿರುವುದು 60ರ ಕಡೆಗೆ, ಭಾರತ 50ರ ಕಡೆಗೆ. ಸಾಮಾನ್ಯವಾಗಿ ರಿಸೀವರಿನ ಮೇಲೆ '50/60' ಎಂದಿರುತ್ತದೆ, ಚಿಂತೆಯಿಲ್ಲ. ಆದರೆ ವಿದ್ಯುತ್ತಿನ ಹರ್ಟ್ಸ್‌ಗೆ ತಕ್ಕಂತೆ ತಿರುಗುವ ಮೋಟಾರಿನ ಹಳೆಯ ರೆಕಾರ್ಡ್ ಪ್ಲೇಯರನ್ನು ಇಲ್ಲಿಂದ ಒಯ್ದರೆ ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗಬೇಕಾದ ತಟ್ಟೆ ಇಪ್ಪತ್ತೆಂಟೂ ತುಂಬದೆ ತಿರುಗುತ್ತದೆ. ಶ್ರುತಿ ಮೂರು ಸ್ವರಸ್ಥಾನ ಕುಸಿಯುತ್ತದೆ. ಹಾಡುವವರು ಯಾರೇ ಆಗಿರಲಿ, ನಿದ್ದೆಗಣ್ಣಲ್ಲಿ ಹಾಡಿದಂತೆ ಕೇಳುತ್ತದೆ. ಮೋಟಾರಿನ ತುದಿಯ ಚಿಕ್ಕ ರಾಟೆಯನ್ನು 50 ಹರ್ಟ್ಸ್‌ನದಕ್ಕೆ ಬದಲಿಸಿದರೆ ಸರಿಹೋಗುತ್ತದೆ. ಆ ರಾಟೆಯನ್ನು ಇಲ್ಲೇ ಹುಡುಕಿಕೊಂಡು ಹೋಗುವುದು ಜಾಣತನ.

ಮೂರನೆಯದಕ್ಕೆ ಪರಿಹಾರವಿಲ್ಲ. ಜಪಾನಿನ ಹಳೆಯ ಟ್ಯೂನರುಗಳ ಎಫ್‌ಎಂ ಪಟ್ಟಿ 76ರಿಂದ 90 ಮೆಗಾಹರ್ಟ್ಸ್. ಭಾರತದಲ್ಲಿ 87.5ರಿಂದ 108. ಬೆಂಗಳೂರಿನ ರೇನ್‌ಬೋ 101.3, ವಿವಿಧ ಭಾರತಿ 102.9, ರೇಡಿಯೋ ಸಿಟಿ 91.1, ಮೈಸೂರು ಆಕಾಶವಾಣಿ 100.6, ಒಂದೂ ಈ ಪಟ್ಟಿಯೊಳಗೆ ಬೀಳುವುದಿಲ್ಲ. ಮೀಡಿಯಂ ವೇವ್ ಮಾತ್ರ ಎರಡೂ ದೇಶಗಳಲ್ಲಿ 531ರಿಂದ 1602 ಕಿಲೋಹರ್ಟ್ಸ್. ಇಲ್ಲೇ ಉಳಿಯುವವರಿಗೂ ಟ್ಯೂನರ್ ಪೂರ್ತಿ ಭರವಸೆಯದಲ್ಲ. ಜಪಾನಿನ 47 ಖಾಸಗಿ ಎಎಂ ಕೇಂದ್ರಗಳಲ್ಲಿ 44, 2028ರ ವೇಳೆಗೆ ಎಫ್‌ಎಂಗೆ ತಿರುಗುವ ಗುರಿಯನ್ನು 2021ರಲ್ಲೇ ಪ್ರಕಟಿಸಿವೆ. ಅವು ಬಳಸುವ 90ರಿಂದ 95ರ ನಡುವಿನ ಹೊಸ ಜಾಗ ಹಳೆಯ ಮುಳ್ಳಿಗೆ ಎಟಕುವುದಿಲ್ಲ.

ನಮ್ಮ ಸಲಹೆ ಕೇಳುವುದಾದರೆ, ಹದಿನೈದು ಕಿಲೋ ಪೆಟ್ಟಿಗೆಯನ್ನು ವಿಮಾನದ ಲಗೇಜಿನಲ್ಲಿ ಒಯ್ಯುವುದಕ್ಕಿಂತ ಊರಿನಿಂದ ಬರುವವರ ಕೈಯಲ್ಲಿ ಕ್ಯಾಸೆಟ್ಟುಗಳನ್ನು ಇಲ್ಲಿಗೆ ತರಿಸಿ, ಒಂದು ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಮೇಲು. ಹೊರಡುವಾಗ ರಿಸೀವರನ್ನು ಮುಂದಿನ ಕುಟುಂಬಕ್ಕೆ ಕೊಟ್ಟುಹೋಗಿ. ಕೊಡುವಾಗ ಒಂದು ಕಾಗದದಲ್ಲಿ ಯಾವ ತೂತಿಗೆ ಯಾವ ತಂತಿ, ಯಾವ ಗುಂಡಿ ಗರಗರ ಎನ್ನುತ್ತದೆ, ಯಾವ ವರ್ಷ ಏನು ರಿಪೇರಿಯಾಯಿತು ಎಂದು ಬರೆದು ಬೆನ್ನಿಗೆ ಅಂಟಿಸಿ. ಜಪಾನಿ ಓದಲು ಬಾರದವರಿಗೆ ಬೆನ್ನ ಮೇಲಿನ ಅಕ್ಷರಗಳೇ ಮೊದಲ ತೊಡಕು, ಆದ್ದರಿಂದ ಕಾಗದ ಕನ್ನಡದಲ್ಲೋ ಹಿಂದಿಯಲ್ಲೋ ಇರಲಿ.